ಹನ್ನೊಂದನೇ ಮಳಿಗೆಯ ಗುಮಟೆ

ಕುಪ್ಪಸ ತೆಗಿ ಎಂದರು.

ಅಷ್ಟು ನೇರವಾಗಿ ಅಲ್ಲ. ದೊಡ್ಡ ಮನೆಯ ಹೆಂಗಸರು ಯಾವುದನ್ನೂ ನೇರವಾಗಿ ಅನ್ನುವುದಿಲ್ಲ. ಮಾಲಿನಿ ನಗುತ್ತಲೇ ಅಂದಳು.

“ಸೀರೆ ನಿಮ್ಮ ನಮೂನೆ ಉಟ್ಟಿದ್ದೀಯೆ, ಮಣಿಸರ ಹಾಕಿದ್ದೀಯೆ, ಎಲ್ಲ ಚಂದ ಕಾಣ್ತದೆ. ಈ ಕುಪ್ಪಸ ಒಂದು ತೆಗ್ದುಬಿಡು ಮಾರಾಯ್ತಿ. ಇದಿದ್ರೆ ಒರಿಜಿನಲ್ ಅನ್ಸೂದಿಲ್ಲ.”

ಕುಮಟೆಯ ಸಭಾಭವನದ ಹಿಂದಿನ ಕೋಣೆ. ಬೆಳಗಿನ ಎಂಟು ಗಂಟೆ. ಸಣ್ಣಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ವಯಸ್ಸು ಐವತ್ತರ ಮೇಲೆ ಎಷ್ಟೋ. ಅಂಗೈ ಗದ್ದೆಯ ಅಂಚಿನ ಹಾಗೆ ಒಡೆದಿತ್ತು.

ಅವಳ ಅವ್ವ ಸಾಯುವ ತನಕ ಕುಪ್ಪಸ ತೊಟ್ಟವಳಲ್ಲ. ಹೆಗಲ ಮೇಲೆ ಸೀರೆಯ ಗಂಟು, ಎದೆ ತುಂಬ ಮಣಿಸರ, ಅಷ್ಟೇ. ಅದರಲ್ಲೇ ಗದ್ದೆಯ ನೆಟ್ಟಿ ನೆಟ್ಟಳು, ಅದರಲ್ಲೇ ಐದು ಹೆತ್ತಳು, ತಲೆ ಎತ್ತಿಯೇ ನಡೆದಳು. ನಾಚಿಕೆ ಎಂಬುದನ್ನು ಸಣ್ಣಿಗೆ ಕಲಿಸಿದ್ದು ಪೇಟೆ. ಮದುವೆಯಾದ ವರ್ಷ ಹರಿವೆ, ಬಸಳೆಯ ಕಟ್ಟು ಹೊತ್ತು ತಂದು ಬಸ್‌ಸ್ಟ್ಯಾಂಡಿನ ಎದುರು ಕೂತಾಗ ಗಂಡಸರು ಸೊಪ್ಪು ಆರಿಸಲು ಬಗ್ಗುತ್ತಿರಲಿಲ್ಲ. ನೋಡಲು ಬಗ್ಗುತ್ತಿದ್ದರು. ಒಂದು ವಾರ ತಡೆದಳು. ಎಂಟನೆಯ ದಿನ ಕುಪ್ಪಸ ಹೊಲಿಸಿದಳು. ಮೂವತ್ತು ವರ್ಷವಾಯಿತು. ಈಗ ಅದೇ ಪೇಟೆ ತೆಗಿ ಅನ್ನುತ್ತದೆ.

“ಬ್ಯಾಡ ಒಡ್ತಿ. ಜನ ಬತ್ರು.”

“ಜನ ಬರ್ಲಿ ಅಂತ್ಲೇ ಅಲ್ವಾ ಇಷ್ಟೆಲ್ಲ ಮಾಡಿದ್ದು.”

ಇಲ್ಲ ಅನ್ನಲು ಸಣ್ಣಿ ಬಾಯಿ ತೆರೆದಳು. ಬರಲಿಲ್ಲ. ಹೊಳನಗದ್ದೆಯ ಅಂಚಿನಲ್ಲಿ ಅವರ ಕೊಪ್ಪ ಇದೆ, ಒಂಬತ್ತು ಮನೆ. ಕೊಪ್ಪಕ್ಕೆ ಹೋಗುವ ದಾರಿ ಮಾಲಿನಿಯ ಮಾವನ ಜಾಗದಲ್ಲಿ ಹಾದುಹೋಗುತ್ತದೆ. ಬಾವಿಯೂ ಆ ಬದಿಗೇ. ಆ ಮನೆಯ ಗದ್ದೆಯಲ್ಲಿ ಸಣ್ಣಿಯ ಮಾವ ದುಡಿದ, ಗಂಡ ಜಟ್ಟಿ ದುಡಿದ. ಆ ಮನೆಯವರೆದುರು ಇಲ್ಲ ಎಂಬ ಮಾತು ಇವರ ಪೈಕಿ ಯಾರ ಬಾಯಿಂದಲೂ ಹೊರಬಿದ್ದದ್ದಿಲ್ಲ. ಹುಟ್ಟಿದರೂ ಗಂಟಲಲ್ಲೇ ಸತ್ತಿತ್ತು.

ತೆಗೆದಳು. ಮಡಚಿ ಚೀಲದ ಅಡಿಗೆ ಇಟ್ಟಳು. ತೋಳ ಮೇಲೆ ರೋಮ ಎದ್ದು ನಿಂತವು. ಚೈತ್ರದ ಸೆಕೆ. ಚಳಿ ಎಲ್ಲಿಂದ ಬಂತು ಎಂದು ಅವಳಿಗೇ ತಿಳಿಯಲಿಲ್ಲ.

ಹೊರಗೆ ಬ್ಯಾನರು ಇತ್ತು. ‘ಕಡಲಸಿರಿ ವೇದಿಕೆ ಅರ್ಪಿಸುವ ಬಹುಸಂಸ್ಕೃತಿ ಕಲಾ ಪ್ರದರ್ಶನ. ಒಂದು ಕರಾವಳಿ, ನೂರು ಬಣ್ಣ.’ ವೇದಿಕೆಗೆ ಮಾಲಿನಿ ಅಧ್ಯಕ್ಷೆ, ಅವಳ ಗಂಡ ರವೀಂದ್ರ ಕಾರ್ಯದರ್ಶಿ. ಒಳಗೆ ಹದಿನಾಲ್ಕು ಮಳಿಗೆ. ಯಕ್ಷಗಾನದ ಕಿರೀಟ ಗಾಜಿನ ಪೆಟ್ಟಿಗೆಯಲ್ಲಿತ್ತು. ಭಟ್ಕಳದ ನವಾಯತ ಮದುಮಗಳ ಜರಿಯ ಉಡುಪು ಗಾಜಿನ ಪೆಟ್ಟಿಗೆಯಲ್ಲಿತ್ತು. ಹೊನ್ನಾವರದ ಕ್ರೈಸ್ತರ ಮನೆಯ ಹಳೆ ಪಿಟೀಲು, ಕೊಂಕಣಿಗರ ಹಿತ್ತಾಳೆ ದೀಪ, ಎಲ್ಲ ಗಾಜಿನೊಳಗೆ. ಪ್ರತಿಯೊಂದಕ್ಕೂ ‘ಮುಟ್ಟಬೇಡಿ’ ಎಂಬ ಚೀಟಿ. ಹನ್ನೊಂದನೇ ಮಳಿಗೆ ಹಾಲಕ್ಕಿಯವರದು, ಸಣ್ಣಿಯ ಜನದ್ದು. ಅಲ್ಲಿ ಗಾಜಿರಲಿಲ್ಲ. ಉಳಿದವರ ವಸ್ತುಗಳು ಬಂದಿದ್ದವು. ಇವರ ಕಡೆಯಿಂದ ಮನುಷ್ಯರೇ ಬಂದಿದ್ದರು. ಮುಟ್ಟಬೇಡಿ ಎಂಬ ಚೀಟಿಯೂ ಇರಲಿಲ್ಲ.

ಮುಟ್ಟಿದರು. ಬೆಂಗಳೂರಿನಿಂದ ಓಂ ಬೀಚಿಗೆ ಬಂದವರು, ದಾರಿಯಲ್ಲಿ ಇಳಿದು ನೋಡಿ ಹೋಗುವವರು. ಒಬ್ಬಳು ಸಣ್ಣಿಯ ಎದೆಯ ಮೇಲಿನ ಮಣಿಸರವನ್ನು ಎರಡು ಬೆರಳಲ್ಲಿ ಎತ್ತಿ, “ಎಷ್ಟು ಕೆಜಿ ಇದೆ?” ಎಂದಳು. ಕೇಳಿದ್ದು ಸಣ್ಣಿಯನ್ನಲ್ಲ. ಪಕ್ಕದಲ್ಲಿದ್ದ ತನ್ನ ಗಂಡನನ್ನು. ಒಬ್ಬ ಮುದುಕ ಬರಿ ಬೆನ್ನಿನ ಫೋಟೋ ಹಿಡಿಯಲು ಸುತ್ತುಹಾಕಿ ಬಂದ. ಸಣ್ಣಿ ತಿರುಗಿದಳು. ಅವನೂ ತಿರುಗಿದ.

ಮಳಿಗೆಯೊಳಗೆ ನುಣುಪು ಟೈಲ್ಸಿನ ಮೇಲೆ ಹಲಗೆ ಹಾಸಿ, ಅದಕ್ಕೆ ಸಗಣಿ ಸಾರಿಸಿ, ತೆಂಗಿನ ಮಡಲಿನ ಗುಡಿಸಲು ಕಟ್ಟಿದ್ದರು. ಕಟ್ಟಿದ್ದು ಜಟ್ಟಿ, ಸಾರಿಸಿದ್ದು ಸಣ್ಣಿ. ಒರಳನ್ನು ಟೆಂಪೋದಿಂದ ಇಳಿಸಿ ಸೊಂಟಕ್ಕೆ ಕೊಟ್ಟು ತಂದದ್ದೂ ಅವಳೇ. ಅವಳು ಭತ್ತ ಕುಟ್ಟಬೇಕು, ಹಾಡಬೇಕು. ಜಟ್ಟಿ ಗುಮಟೆ ಬಾರಿಸಬೇಕು. ಒಂಬತ್ತಕ್ಕೆ ಶುರು. ಹತ್ತು ಗಂಟೆಗೆ ಒರಳಲ್ಲಿದ್ದ ಭತ್ತ ಅಕ್ಕಿಯಾಯಿತು.

“ಒಡ್ತಿ, ಅಕ್ಕಿ ಆತು. ಬ್ಯಾರೆ ಭತ್ತ ಕೊಡ್ರಾ.”

“ಅದನ್ನೇ ಕುಟ್ಟು. ಯಾರಿಗೆ ಗೊತ್ತಾಗ್ತದೆ?”

ಹನ್ನೊಂದಕ್ಕೆ ನುಚ್ಚಾಯಿತು. ಊಟದ ಹೊತ್ತಿಗೆ ಹಿಟ್ಟಾಯಿತು. ಸಣ್ಣಿ ಹಿಟ್ಟನ್ನೇ ಕುಟ್ಟಿದಳು. ಒನಕೆ ಎತ್ತಿದಾಗಲೆಲ್ಲ ಬರಿ ಕಂಕುಳಿಗೆ ಫೋನುಗಳು ತಿರುಗುತ್ತಿದ್ದವು. ಬಲಗೈಯ ಹಳೆಯ ದಡ್ಡು ಸುಲಿದು ಕೆಂಪು ಕಂಡಿತು. ಅನ್ನವಾಗದ ಕೆಲಸವನ್ನು ಅವಳು ಹುಟ್ಟಿದ ಮೇಲೆ ಮಾಡಿದ್ದು ಇದೇ ಮೊದಲು.

ಜಟ್ಟಿಗೆ ಮಾತ್ರ ಅಷ್ಟು ಬೇಸರವಿರಲಿಲ್ಲ. ಅವನ ಮಡಿಲಲ್ಲಿ ಗುಮಟೆಯಿತ್ತು. ಮಣ್ಣಿನ ಗಡಿಗೆ, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದು ಬಲಗೈಯಲ್ಲಿ ಬಾರಿಸುವುದು, ಸಣ್ಣ ಬಾಯನ್ನು ಎಡಗೈಯಲ್ಲಿ ಮುಚ್ಚಿ ತೆರೆದು ನಾದ ಒಳಗೆ ಹೊರಗೆ ಮಾಡುವುದು. ಅದರ ಮುಂದೆ ಮಾಲಿನಿ ತಾನೇ ಬರೆಸಿದ ಚೀಟಿ ಅಂಟಿಸಿದ್ದಳು. ‘ಶತಮಾನದ ಹಿಂದಿನ ಗುಮಟೆ. ಉಡದ ಚರ್ಮ. ಒರಿಜಿನಲ್.’ ಜಟ್ಟಿಗೆ ಓದು ಬರದು.

ಆ ಚರ್ಮದ ಕತೆ ಹೇಳಬೇಕು.

ಹದಿನೈದು ವರ್ಷದಿಂದ ಜಟ್ಟಿ ಗುಮಟೆಗೆ ಆಡಿನ ಚರ್ಮವನ್ನೇ ಬಿಗಿಯುತ್ತಿದ್ದ. ಉಡ ಹಿಡಿದರೆ ಜೈಲು ಎಂದು ಕೊಪ್ಪದ ಎಲ್ಲರಿಗೂ ಗೊತ್ತು. ಶಿವರಾತ್ರಿಯ ಮುಂಚೆ ಮಾಲಿನಿ ಕೊಪ್ಪಕ್ಕೆ ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಜಟ್ಟಿ ಬಾರಿಸಿದ. ಅವಳು ತಲೆ ಅಲ್ಲಾಡಿಸಿದಳು.

“ಇದು ಆಡಿಂದಲ್ವಾ? ಮೊದಲೆಲ್ಲ ಉಡದ್ದು ಇರ್ತಿತ್ತು ಅಂತ ಓದಿದ್ದೆ.”

“ಈಗ ಅದು ಕೂಡೂದಿಲ್ಲ ಒಡ್ತಿ. ಹಿಡ್ಕಂಡ್ ಹೋತ್ರು.”

“ಪ್ರದರ್ಶನದಲ್ಲಿ ಯಾರು ಬಂದು ಕೇಳ್ತಾರೆ? ನಾವು ಇರೂದಿಲ್ವಾ? ಒರಿಜಿನಲ್ ಒಂದು ಮಾಡು ಜಟ್ಟಿ. ಆಗೂದಿಲ್ಲ ಅಂದ್ರೆ ಹೇಳ್ಬಿಡು, ಬೇರೆ ಕೊಪ್ಪದವ್ರನ್ನ ಕರೀತೆ.”

ಜಟ್ಟಿ ಉಡ ಕೊಲ್ಲಲಿಲ್ಲ. ಹನ್ನೆರಡು ದಿನ ಬಿಟ್ಟು ಬೆಳಗ್ಗೆ ಕೆಲಸಕ್ಕೆ ಹೊರಟವನಿಗೆ ಹೈವೇ ಅಂಚಿನಲ್ಲಿ ಅದು ಸಿಕ್ಕಿತು. ಲಾರಿ ತಲೆಯ ಮೇಲೆ ಹತ್ತಿತ್ತು. ಮೈ ಮೆತ್ತಗೇ ಇತ್ತು. ಜೊತೆಗಿದ್ದ ದೊಡ್ಡ ಮನೆಯ ಆಳೂ ನೋಡಿದ. ರಸ್ತೆ ಅಗಲವಾದ ಮೇಲೆ ದಿನಕ್ಕೊಂದು ಜೀವ ಅಲ್ಲಿ ಚಪ್ಪಟೆಯಾಗುತ್ತದೆ. ನಾಯಿ, ಕಬ್ಬೆಕ್ಕು, ಒಮ್ಮೊಮ್ಮೆ ಮನುಷ್ಯ. ಗೋಣಿಯಲ್ಲಿ ಸುತ್ತಿ ತಂದಾಗ ಸಣ್ಣಿ ಬಾಗಿಲಿಗೆ ಅಡ್ಡ ನಿಂತಳು.

“ಬಿಸಾಕಿ ಬಾ. ನಂಗೆ ಹೆದ್ರಿಕೆ ಆತದೆ.”

“ರಸ್ತೆ ಕೊಂದದ್ದು, ನಾನಲ್ಲ. ಹುಳ ಬಿದ್ದು ಹೋಗೂದು ಹೌದಲ್ಲ. ಒಡ್ತಿಗೂ ಆತು, ನಂಗೂ ಆತು.”

ನಂಗೂ ಆತು ಎಂಬುದು ಸುಳ್ಳಲ್ಲ. ಚರ್ಮ ಬಿಗಿದ ದಿನ ಅವನು ಒಮ್ಮೆ ತಟ್ಟಿದ, ಕಣ್ಣು ಮುಚ್ಚಿದ. ಅಪ್ಪನ ಕಾಲದ ನಾದ ಬಂದಿತ್ತು. ಸಣ್ಣಿಗೂ ಕೇಳಿತು. ಅವಳು ಒಲೆಯ ಮುಂದೆ ಕೂತೇ ಇದ್ದಳು.

ಪ್ರದರ್ಶನದ ದಿನ ನಾಲ್ಕು ಗಂಟೆಗೆ ಒಬ್ಬ ಗಂಡಸು ಹೆಂಡತಿಯೊಡನೆ ಬಂದ. ಮೂವತ್ತೈದರ ವಯಸ್ಸು, ಚೌಕಡಿಯ ಅಂಗಿ, ಘಟ್ಟದ ಮೇಲಿನ ಮಾತು. ಗಾಜಿನ ಪೆಟ್ಟಿಗೆಗಳನ್ನೆಲ್ಲ ನೋಡಿ ಹನ್ನೊಂದನೇ ಮಳಿಗೆಗೆ ಬಂದವನು ಚೀಟಿ ಓದಿದ. ಇನ್ನೊಮ್ಮೆ ಓದಿದ. ಸುತ್ತ ಯಾರಿದ್ದಾರೆಂದು ನೋಡಿದ. ಆಮೇಲೆ ಜಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಯಜಮಾನ್ರೇ, ಇದು ತುಂಬಾ ಹಳೇದು, ಅಲ್ವಾ? ನಿಮ್ಮ ಅಜ್ಜನ ಕಾಲದ್ದು ಇರ್ಬೇಕು. ಅಲ್ವಾ?”

ಸಣ್ಣಿಯ ಒನಕೆ ಮೇಲೆಯೇ ನಿಂತಿತು. ಮೂವತ್ತು ವರ್ಷ ಸೊಪ್ಪು ಮಾರಿದವಳು ಅವಳು. ಯಾರು ಕೊಳ್ಳಲು ಕೇಳುತ್ತಾರೆ, ಯಾರು ಸುಮ್ಮನೆ ಕೇಳುತ್ತಾರೆ, ಧ್ವನಿಯಲ್ಲೇ ತಿಳಿಯುತ್ತದೆ. ಈ ಮನುಷ್ಯ ಪ್ರಶ್ನೆ ಕೇಳುತ್ತಿರಲಿಲ್ಲ. ಉತ್ತರ ಹೇಳಿಕೊಡುತ್ತಿದ್ದ. ಯಾಕೆ? ಹೌದು ಅನ್ನು, ಎಂದು ಗಂಡನ ಕಡೆ ಕಣ್ಣು ಬಿಟ್ಟಳು.

ಜಟ್ಟಿ ಅವಳ ಕಡೆ ನೋಡಲೇ ಇಲ್ಲ. ಬೆಳಗಿನಿಂದ ಅವನನ್ನು ಕೇಳಿದ್ದೆಲ್ಲ ಒಂದೇ, ಫೋಟೋಕ್ಕೆ ಸ್ವಲ್ಪ ನಗು ಅಜ್ಜ. ಗುಮಟೆಯ ಬಗ್ಗೆ ಕೇಳಿದ ಮೊದಲ ಮನುಷ್ಯ ಇವನು. ಅದೂ ಹಳೇದು ಎಂದು ಕೇಳಿದ. ಅಡಿಗೆ ಮಾಡಿದವಳ ಮುಂದೆ ಇದು ತಂಗಳಲ್ಲವಾ ಎಂದ ಹಾಗೆ. ಜಟ್ಟಿ ನೆಟ್ಟಗೆ ಕೂತ.

“ಅಜ್ಜನ ಕಾಲದ ಚರ್ಮ ಎಲ್ಲಿಂದ ನಾದ ಕೊಡ್ತದ್ರಾ? ಅದು ಹಪ್ಪಳದ ಹಂಗೆ ಒಡೀತದೆ. ಗಡಿಗೆ ಹಳೇದು. ಚರ್ಮ ನಾನೇ ಬಿಗ್ದದ್ದು, ಈ ಸುಗ್ಗಿ ಮುಂಚೆ. ಬಿಸ್ಲಿಗೆ ಹಾಕೂಕಾಗ, ಸೆಟೀತದೆ. ನೆರಳಲ್ಲೇ ಮೂರು ದಿವ್ಸ. ಕೇಳಿ ಬೇಕಾರೆ.”

ಬಾರಿಸಿದ. ಇಡೀ ಸಭಾಭವನ ತಿರುಗಿ ನೋಡಿತು. ಅಂಥ ನಾದ.

ಗಂಡಸು ಎದ್ದು ನಿಂತ. “ಹಳೇದು ಅಂದಿದ್ರೆ ಕೇಸೇ ಇರ್ತಿರ್ಲಿಲ್ಲ,” ಎಂದ, ತನಗೇ ಹೇಳಿಕೊಳ್ಳುವ ಹಾಗೆ. “ನಡೀರಿ, ಇವತ್ತು ಭಾನುವಾರ, ನಿಮಗ್ಯಾಕೆ,” ಎಂದಳು ಹೆಂಡತಿ ಮೆಲ್ಲಗೆ. ಅಷ್ಟರಲ್ಲಿ ನಾಲ್ಕಾರು ಜನ ಫೋನು ಹಿಡಿದು ಜಟ್ಟಿಯ ಮಾತನ್ನೆಲ್ಲ ಹಿಡಿದಿದ್ದರು. ಆ ಗಂಡಸು ಅವರನ್ನು ನೋಡಿದ. ಕಿಸೆಯಿಂದ ತನ್ನ ಫೋನು ತೆಗೆದ.

“ನಾನು ಫಾರೆಸ್ಟ್ ಆಫೀಸರು, ರಾಜೀವ ಅಂತ,” ಎಂದ. “ಇದನ್ನ ಯಾರೂ ಮುಟ್ಟಬೇಡಿ.”

ಸಣ್ಣಿಯ ಕೈಯಿಂದ ಒನಕೆ ಜಾರಿ ಹಲಗೆಯ ಮೇಲೆ ಬಿತ್ತು.

ಅವಳಿಗೆ ಬೊಮ್ಮಯ್ಯ ಕಂಡ. ಅವಳ ಸ್ವಂತ ಅಣ್ಣ. ಏಳು ವರ್ಷದ ಹಿಂದೆ ಒಂದು ಹೊರೆ ಕಟ್ಟಿಗೆ ತಂದದ್ದಕ್ಕೆ ಖಾಕಿಯವರು ಕರೆದೊಯ್ದರು. ಒಬ್ಬನೇ ಹೋದ. ಎರಡು ದಿನ ಬಿಟ್ಟು ನಡೆದೇ ಬಂದ. ಮೈಮೇಲೆ ಗಾಯ ಇರಲಿಲ್ಲ. ಏನಾಯಿತೆಂದು ಇವತ್ತಿನ ತನಕ ಹೇಳಿಲ್ಲ. ಸುಗ್ಗಿ ಕುಣಿತದಲ್ಲಿ ಮುಂದೆ ನಿಂತು ಕುಣಿಯುತ್ತಿದ್ದವನು ಈಗ ಜೀಪಿನ ಸದ್ದು ಕೇಳಿದರೆ ಕೊಟ್ಟಿಗೆಯ ಹಿಂದೆ ಹೋಗಿ ಕೂರುತ್ತಾನೆ. ಊಟಕ್ಕೆ ಕರೆದರೂ ಬರುವುದಿಲ್ಲ.

ರವೀಂದ್ರ ಓಡಿ ಬಂದ. ಅಧಿಕಾರಿಗೆ ಕೈಮುಗಿದ. “ಸರ್, ಒಂದೈದು ನಿಮಿಷ, ಇವ್ರ ಹತ್ರ ಮಾತಾಡ್ತೇನೆ.” ಫೋನಿನಲ್ಲಿ ಕರೆಸಿದ ಜೀಪು ಬರಲು ಇನ್ನೂ ಹೊತ್ತಿತ್ತು. ಅಧಿಕಾರಿ ಗುಮಟೆಯ ಹತ್ತಿರವೇ ನಿಂತ. ರವೀಂದ್ರ ಗಂಡ ಹೆಂಡಿರನ್ನು ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದ. ಮಾಲಿನಿ ಒಳಗೇ ಇದ್ದಳು.

ಅವಳೂ ರವೀಂದ್ರನೂ ತಮ್ಮ ಮನೆಮಾತಲ್ಲಿ ಮಾತಾಡಿಕೊಂಡರು. ಎದುರಿಗಿದ್ದವರು ದನ ಎಂಬ ಹಾಗೆ.

“ಪೇಪರಿನವು ಹೊರಗೇ ಇದ್ದ. ನಮ್ಮ ಹೆಸ್ರು ಬಂದ್ರೆ ಕಥೆ ಮುಗತ್ತು,” ಎಂದಳು ಮಾಲಿನಿ. “ಆ ಚೀಟಿ ತೆಗದ್ರಾ?”

“ತೆಗದೆ. ಇವ್ರ ಹತ್ರ ಒಂದು ಹೆಬ್ಬೆಟ್ಟು ಹಾಕಿಸ್ಕ್ಯಂಡ್ರೆ ಆತು. ಅವ್ಕೆ ಎಂತದೂ ಗೊತ್ತಾಗ್ತಿಲ್ಲೆ.”

ರವೀಂದ್ರ ಮೇಜಿನ ಮೇಲೆ ಹಾಳೆಯಿಟ್ಟು ಗೀಚಿದ. ಬರೆದದ್ದು ನಾಲ್ಕು ಸಾಲು. ಆಮೇಲೆ ಜಟ್ಟಿಯ ಕಡೆ ತಿರುಗಿದಾಗ ಧ್ವನಿ ಬೇರೆಯಾಗಿತ್ತು, ಮೆತ್ತಗೆ, ತಾಯಿಯ ಹಾಗೆ.

“ಹೆದರೂದು ಬೇಡ ಜಟ್ಟಿ. ಇದು ಸುಮ್ನೆ ಒಂದು ಕಾಗದ. ಇದಕ್ಕೆ ಹೆಬ್ಬೆಟ್ಟು ಒತ್ತು, ವಕೀಲರನ್ನ ನಾನೇ ಇಡ್ತೆ. ಎರಡು ದಿವ್ಸಕ್ಕೆ ಮನೆಯಲ್ಲಿರ್ತಿ.”

“ಎಂತ ಬರದೀರಿ ಒಡೆಯಾ?”

“ನಿಂಗೆ ಒಳ್ಳೇದಾಗೂದು ಬರ್ದದ್ದು.”

ಜಟ್ಟಿ ಕೈ ಮುಂದೆ ಮಾಡಿದ. ಸ್ವಲ್ಪ ಹೊತ್ತಿನ ಮುಂಚೆ ಇಡೀ ಸಭಾಭವನವನ್ನು ತಿರುಗಿಸಿದ ಕೈ ಅದು. ರವೀಂದ್ರ ಹೆಬ್ಬೆರಳು ಹಿಡಿದು ಶಾಯಿಯ ಡಬ್ಬಿಗೆ ಒತ್ತಿದ. ಹಿಡಿದದ್ದು ಬೆರಳ ತುದಿಯಲ್ಲಿ, ಮೈಲಿಗೆಯಾದೀತು ಎಂಬಂತೆ.

ಸಣ್ಣಿಗೆ ಓದಲು ಬರುತ್ತದೆ ಎಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜಟ್ಟಿಗೂ ಪೂರ್ತಿ ಗೊತ್ತಿರಲಿಲ್ಲ. ಶಾಲೆ ಕಂಡವಳಲ್ಲ. ಬಸ್‌ಸ್ಟ್ಯಾಂಡಿನ ಎದುರು ಕೂತು ಮೂವತ್ತು ವರ್ಷ ಬಸ್ಸಿನ ಬೋರ್ಡು ನೋಡಿದವಳು. ಕಂಡಕ್ಟರು ಕೂಗಿದ್ದಕ್ಕೂ ಬೋರ್ಡಿನಲ್ಲಿ ಬರೆದದ್ದಕ್ಕೂ ತಾಳೆ ಹಾಕುತ್ತ ಒಂದೊಂದೇ ಅಕ್ಷರ ಹಿಡಿದಿದ್ದಳು. ಕು ಎಂದರೆ ಕುಮಟೆಯ ಕು. ಡ ಎಂದರೆ ಕೂಜಳ್ಳಿ ದಾಟಿ ಕಡತೋಕಕ್ಕೆ ಹೋಗುವ ಬಸ್ಸಿನ ಎರಡನೇ ಅಕ್ಷರ. ಈಗ ಮೇಜಿನ ಮೇಲಿನ ಹಾಳೆಯ ಮೇಲೆ ಕಣ್ಣು ನಡೆಸಿದಳು. ಹಾಳೆ ತಲೆಕೆಳಗಾಗಿತ್ತು. ಕತ್ತು ವಾಲಿಸಿದಳು.

ಕಾ-ಡಿ-ನ-ಲ್ಲಿ. ಉ-ಡ-ವ-ನ್ನು. ಮುಂದಿನ ಶಬ್ದ ಓದಿದಳು. ಇನ್ನೊಮ್ಮೆ ಓದಿದಳು. ಕೊಂ-ದು. ಕೆಳಗಿನ ಸಾಲಿನಲ್ಲಿ, ನ-ಮ-ಗೆ ತಿ-ಳಿ-ಯ-ದೆ.

ಅವಳು ಮೂಲೆಗೆ ಹೋದಳು. ಚೀಲದ ಅಡಿಯಿಂದ ಕುಪ್ಪಸ ತೆಗೆದಳು. ಬೆನ್ನು ತಿರುಗಿಸಿ ತೊಟ್ಟಳು. ಮೂರು ಗುಂಡಿ ಹಾಕಿದಳು. ನಾಲ್ಕನೆಯದು ಬಿಟ್ಟಳು.

“ಈಗೆಂತಕ್ಕೆ ಅದು?” ಎಂದಳು ಮಾಲಿನಿ.

ಸಣ್ಣಿ ಬಂದು ಹಾಳೆಯ ಮೇಲೆ ಅಂಗೈ ಇಟ್ಟಳು. ಜಟ್ಟಿಯ ಕಪ್ಪು ಬೆರಳು ಅವಳ ಕೈಯ ಹಿಂಬದಿಗೆ ಬಂದು ಬಿತ್ತು.

“ಕೊಂದು ಅಂತ ಬರದೀರಿ,” ಎಂದಳು.

ರವೀಂದ್ರ ಹಾಳೆ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

“ಲಾರಿ ಕೊಂದದ್ದು. ನಿಮ್ಮ ಮನೆ ಆಳೇ ನೋಡಿದ್ದ. ನಿಮ್ಗೂ ಹೇಳಿದ್ದ. ನಿಮ್ಗೆ ತಿಳೀದೆ ತಂದದ್ದು ಅಂತಾನೂ ಬರದೀರಿ. ಅದೂ ಸುಳ್ಳು.”

“ನಿಂಗೆ ಓದ್ಲಿಕ್ಕೆ ಬರ್ತದಾ?” ಮಾಲಿನಿಯ ಧ್ವನಿಯಲ್ಲಿ ಸಿಟ್ಟಿಗಿಂತ ಮುಂಚೆ ಬಂದದ್ದು ಆಶ್ಚರ್ಯ. ನಾಯಿ ಮಾತಾಡಿದ್ದನ್ನು ಕೇಳಿದ ಹಾಗೆ.

“ಬಸ್ಸಿನ ಬೋರ್ಡಿನಷ್ಟು ಬತ್ತದೆ ಒಡ್ತಿ.”

ಜಟ್ಟಿ ಅವಳ ಸೆರಗು ಜಗ್ಗಿದ. “ಸುಮ್ನಿರೇ. ಒಡೆಯರು ಬಿಡಸ್ತ್ರು ನನ್ನ. ಬಾಯಿ ಮುಚ್ಚೇ ನೀನು.”

“ಕೊಂದೆ ಅಂತ ಒಪ್ಪಿದವ್ನ ಯಾರು ಬಿಡಸ್ತ್ರು? ಹೇಳು ನೋಡ್ವ.”

ರವೀಂದ್ರನ ಮೆತ್ತನೆಯ ಧ್ವನಿ ಎಲ್ಲಿಗೋ ಹೋಯಿತು. “ಸಣ್ಣಿ, ಕೈ ತೆಗಿ. ನಾಳೆ ಬೆಳಿಗ್ಗೆ ಯಾವ ದಾರೀಲಿ ಮನೆಯಿಂದ ಹೊರಗೆ ಬರ್ತಿ ನೀನು? ಯಾವ ಬಾವಿ ನೀರು ಕುಡೀತಿ? ನಿನ್ನೊಬ್ಬಳದ್ದಲ್ಲ, ಒಂಬತ್ತು ಮನೆಯದ್ದು. ಅವರಿಗೆ ಏನು ಹೇಳ್ತಿ?”

ಒಂಬತ್ತು ಮನೆ ಕಣ್ಣ ಮುಂದೆ ಬಂದವು. ಪಕ್ಕದ ಮನೆಯ ಬಾಣಂತಿ ಬಂಗಾರಿ ಬಂದಳು, ಕೊಡ ಹೊತ್ತು. ಸಣ್ಣಿಯ ಕೈ ಹಾಳೆಯ ಮೇಲೆ ಸಡಿಲವಾಯಿತು. ಇಷ್ಟಕ್ಕೇ ಬಿಡಬಹುದು. ಹೆಬ್ಬೆಟ್ಟು ಬೀಳುತ್ತದೆ, ದಾರಿ ಉಳಿಯುತ್ತದೆ. ಜಟ್ಟಿ ಹೋಗುತ್ತಾನೆ, ಒಬ್ಬನೇ. ಎಂದೋ ಒಂದು ದಿನ ಗಾಯವಿಲ್ಲದ ಮೈಯಲ್ಲಿ ಬರುತ್ತಾನೆ. ಕೊಟ್ಟಿಗೆಯ ಹಿಂದೆ ಹೋಗಿ ಕೂರುತ್ತಾನೆ.

ಹಾಳೆಯನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದಳು.

“ಹೇಳುಕೆ ನಂಗೆ ಗೊತ್ತಿಲ್ಲ,” ಎಂದಳು. “ಒತ್ತೂದಿಲ್ಲ. ಅವನೂ ಒತ್ತೂದಿಲ್ಲ.”

ಜಟ್ಟಿಯ ರಟ್ಟೆ ಹಿಡಿದು ಬಾಗಿಲು ತೆಗೆದಳು. ಹಿಂದಿನಿಂದ ಮಾಲಿನಿ ಏನೋ ಅಂದಳು. ಉಪ್ಪು ತಿಂದ ಮನೆ ಎಂಬ ಮಾತು ಅದರಲ್ಲಿತ್ತು. ತಿಂದ ಉಪ್ಪೆಲ್ಲ ಬೆವರಾಗಿ ಅದೇ ಗದ್ದೆಗೆ ಬಿದ್ದದ್ದು ಎಂದು ಹೇಳಬೇಕಿತ್ತು. ಸಣ್ಣಿಗೆ ಆಗ ಹೊಳೆಯಲಿಲ್ಲ. ಅವಳು ಹೆಜ್ಜೆ ಎಣಿಸುತ್ತಿದ್ದಳು. ಬೀಳದೆ ಅಧಿಕಾರಿಯ ತನಕ ಮುಟ್ಟಿದರೆ ಸಾಕಿತ್ತು.

ಜೀಪು ಬಂದಿತ್ತು. ಇಬ್ಬರು ಗಾರ್ಡುಗಳು ಗುಮಟೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಚೀಟಿ ಇದ್ದ ಜಾಗದಲ್ಲಿ ಗೋಂದಿನ ಕಲೆ ಮಾತ್ರ ಉಳಿದಿತ್ತು. ಅಧಿಕಾರಿ ಪ್ಯಾಡಿನ ಮೇಲೆ ಬರೆಯುತ್ತಿದ್ದ. ಸಣ್ಣಿ ಅವನ ಮುಂದೆ ನಿಂತಳು. ಖಾಕಿಯವರು ಎರಡು ಮೊಳ ದೂರದಲ್ಲಿದ್ದರು. ಅವರ ಬೆಲ್ಟಿನ ವಾಸನೆ ಬರುತ್ತಿತ್ತು.

“ಸಾಯ್ಬ್ರೆ, ನಂದೂ ಬರ್ಕಳ್ಳಿ.”

“ಏನಮ್ಮ?”

“ಉಡದ ಚರ್ಮವೇ ಬೇಕು ಅಂದದ್ದು ಇವ್ರು.” ಕೈ ಎತ್ತಿ ತೋರಿಸಿದಳು. ಮಾಲಿನಿ ಕಂಬದ ಹತ್ತಿರ ನಿಂತಿದ್ದಳು. ಜನ ತಿರುಗಿದರು. “ನಮ್ಮ ಅಂಗಳದಲ್ಲಿ ಕೂತು ಹೇಳಿದ್ರು. ಜೈಲಾತದೆ ಅಂದ್ವಿ. ನಾವಿದ್ದೀವಿ ಅಂದ್ರು. ಇದು ಲಾರಿ ಹತ್ತಿ ಸತ್ತದ್ದು. ಇಲ್ಲಿ ಚೀಟಿ ಇತ್ತು, ನೀವೇ ಓದಿದ್ರಿ. ಒರಿಜಿನಲ್ ಅಂತ ಬರ್ದು ಅಂಟಿಸಿದ್ದು ಅವ್ರೇ, ತೆಗದದ್ದು ಅವ್ರೇ.”

ಮಾಲಿನಿ ಮುಂದೆ ಬಂದಳು. ನಗಲು ನೋಡಿದಳು. “ಸರ್, ಪಾಪ, ಹೆದರಿ ಏನೇನೋ ಹೇಳ್ತಾ ಇದೆ. ಇವರು ಮುಗ್ಧ ಜನ. ಹಾಡು ಬಿಟ್ರೆ ಮಾತು ಬರೂದಿಲ್ಲ.”

“ಹೆದ್ರಿಕೆ ಆತದೆ ಹೌದು,” ಎಂದಳು ಸಣ್ಣಿ. “ಸುಳ್ಳು ಹೇಳುವಷ್ಟು ಆಗ್ಲಿಲ್ಲ.”

ಅ‌ಧಿಕಾರಿ ಪೆನ್ನು ಕೆಳಗಿಳಿಸಿದ. ಆಮೇಲೆ ತಗ್ಗಿದ ಧ್ವನಿಯಲ್ಲಿ ಅಂದ, “ಅಮ್ಮಾ, ಯೋಚನೆ ಮಾಡಿ. ಲಾರಿ ಕೊಂದಿದ್ರೂ ಚರ್ಮ ಇಟ್ಕೊಳ್ಳೋದು ತಪ್ಪೇ. ನೀವು ಇವರ ಹೆಸರು ಹೇಳಿದ್ರೆ ನಿಮ್ಮ ಯಜಮಾನರ ಹೆಸರು ಹೋಗಲ್ಲ. ಎರಡೂ ಇರುತ್ತೆ.”

“ಇರ್ಲಿ. ಎರಡೂ ಇರ್ಲಿ. ಒಂದೇ ಇರೂದು ಬ್ಯಾಡ.”

ಬರೆದ. ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಮುಗಿದ ಮೇಲೆ ಓದಿ ಹೇಳಿ ಎಂದಳು. ಓದಿದ. ಜೈಲಾತದೆ ಅಂದ್ವಿ ಎಂಬ ಮಾತು ಅದರಲ್ಲಿ ಇರಲಿಲ್ಲ. “ಅದು ಬಿಟ್ಟುಹೋತು,” ಎಂದಳು. ಅಧಿಕಾರಿ ಅವಳ ಮುಖ ನೋಡಿ, ಅದನ್ನೂ ಸೇರಿಸಿದ.

“ಈ ಚೀಟಿ ಇಲ್ಲಿತ್ತು ಅಂತ ನೋಡಿದವರು ಯಾರಾದ್ರೂ ಇದ್ರೆ ಸಹಿ ಹಾಕಿ,” ಎಂದು ಅವನು ಜನರ ಕಡೆ ತಿರುಗಿದ.

ಬೆಳಗಿನಿಂದ ಆ ಚೀಟಿಯ ಪಕ್ಕ ನಿಂತು ನೂರು ಜನ ಫೋಟೋ ಹಿಡಿದಿದ್ದರು. ಅವರ ಫೋನಿನಲ್ಲೆಲ್ಲ ಅದು ಇತ್ತು. ಮಣಿಸರ ಎತ್ತಿ ನೋಡಿದವಳೂ ಅಲ್ಲೇ ಇದ್ದಳು. ಒಬ್ಬ ಗಡಿಯಾರ ನೋಡಿಕೊಂಡ. ಒಬ್ಬಳು ಮಗುವನ್ನು ಎತ್ತಿಕೊಂಡಳು. ಗಾಜಿನ ಪೆಟ್ಟಿಗೆಗಳ ಕಡೆಗೆ ಜನ ಸರಿಯತೊಡಗಿದರು, ಕಿರೀಟ ನೋಡುವವರ ಹಾಗೆ, ಪಿಟೀಲು ನೋಡುವವರ ಹಾಗೆ. ಐದು ನಿಮಿಷದಲ್ಲಿ ಹನ್ನೊಂದನೇ ಮಳಿಗೆಯ ಮುಂದೆ ಒಬ್ಬರೂ ಉಳಿಯಲಿಲ್ಲ.

ಸಣ್ಣಿ ಪೆನ್ನು ತೆಗೆದುಕೊಂಡಳು. ಬರೆಯುವುದು ಬೇರೆ, ಓದುವುದು ಬೇರೆ. ಅವಳು ಜೀವಮಾನದಲ್ಲಿ ಬರೆದವಳಲ್ಲ. ಸ ಬರೆದಳು. ಮುಂದಿನ ಣ್ಣಿಯ ಒತ್ತು ಎಲ್ಲೋ ಹೋಗಿ ಎಲ್ಲೋ ಬಂತು. ಹಾಳೆ ಹರಿಯುವಷ್ಟು ಒತ್ತಿ ಬರೆದಳು. ಅಂಗೈಯ ಸುಲಿದ ಜಾಗದಿಂದ ಒಂದು ಹನಿ ರಕ್ತ ಹಾಳೆಗೆ ತಾಗಿತು. ಅಧಿಕಾರಿ ಅದನ್ನು ಒರೆಸಲು ಹೋಗಲಿಲ್ಲ.

“ನಿಮ್ಮನ್ನೂ ನಾಳೆ ಕರೆಸ್ತೀವಿ ಮೇಡಂ,” ಎಂದ ಮಾಲಿನಿಗೆ. “ನಾಳೆ,” ಎಂದಳು ಮಾಲಿನಿ. ರವೀಂದ್ರ ಆಗಲೇ ಯಾರಿಗೋ ಫೋನು ಹಚ್ಚಿದ್ದ. ದೊಡ್ಡವರಿಗೆ ನಾಳೆ ಇರುತ್ತದೆ. ಜಟ್ಟಿಗೆ ಇವತ್ತೇ.

ಹೊರಗೆ ಬಿಸಿಲು ಇನ್ನೂ ಇತ್ತು. ಜಟ್ಟಿಯನ್ನು ಜೀಪಿನ ಹಿಂದೆ ಹತ್ತಿಸಿದರು. ಅವನು ನೆಲದ ಮೇಲೆ, ಎರಡು ಸೀಟಿನ ನಡುವೆ ಮುದುಡಿ ಕೂತ. ಯಾರೂ ಹೇಳಿರಲಿಲ್ಲ. ಅವನಿಗೆ ಗೊತ್ತಿದ್ದ ಜಾಗ ಅದು.

ಸಣ್ಣಿ ಜೀಪಿನ ಸರಳು ಹಿಡಿದಳು.

“ನೀವು ಮನೆಗೆ ಹೋಗಿ ಅಮ್ಮ,” ಎಂದ ಅಧಿಕಾರಿ. “ಹೇಳಿಕೆ ಕೊಟ್ಟವರು ಬರ್ಬೇಕಂತಿಲ್ಲ.”

“ಒಬ್ಬನ್ನೇ ಕಳ್ಸೂದಿಲ್ಲ.”

“ಹೊನ್ನಾವರದ ಆಫೀಸಿಗೆ ಹೋಗ್ತೀವಿ. ಮುಗಿಯೋ ಹೊತ್ತಿಗೆ ರಾತ್ರಿಯಾಗುತ್ತೆ, ವಾಪಸ್ ಬರೋಕೆ ಬಸ್ ಸಿಗಲ್ಲ.”

“ಅಲ್ಲೇ ಕೂತ್ಕಂತೆ. ಹೊರಗೇ. ಕಾಣುವಷ್ಟು ದೂರದಲ್ಲಿ.”

ಅಧಿಕಾರಿ ಹೆಂಡತಿಯ ಕಡೆ ನೋಡಿದ, ಗಾರ್ಡುಗಳ ಕಡೆ ನೋಡಿದ, ಮುಂದೆ ಹತ್ತಿದ. ಸಣ್ಣಿ ಮೊಣಕಾಲೂರಿ ಹಿಂದೆ ಹತ್ತಿದಳು.

“ಕೆಳಗೆ ಕೂರು,” ಎಂದ ಒಬ್ಬ ಗಾರ್ಡು. ಸಿಟ್ಟಿನಿಂದಲ್ಲ. ಕೂರುವ ಜಾಗ ತೋರಿಸುವ ಹಾಗೆ.

ಸಣ್ಣಿ ಸೀಟಿನ ಮೇಲೆ ಕೂತಳು. ಬಗ್ಗಿ ಜಟ್ಟಿಯ ರಟ್ಟೆಗೆ ಕೈ ಹಾಕಿ ಎಳೆದಳು. ಅವನು ಬರಲಿಲ್ಲ. ಇನ್ನೊಮ್ಮೆ ಎಳೆದಳು. ಬಂದು ಪಕ್ಕದಲ್ಲಿ ಕೂತ, ಸೀಟಿನ ತುದಿಗೆ, ಅರ್ಧ ಮೈ ಹೊರಗೆ. ಗಾರ್ಡು ಅವಳನ್ನೇ ನೋಡಿದ. ಅವಳು ಅವನ ಬೂಟು ನೋಡುತ್ತಿದ್ದಳು. ಜೀಪು ಹೊರಟಿತು. ಹಳದೀಪುರ ದಾಟಿತು, ಕರ್ಕಿ ದಾಟಿತು. ಏಳು ಎಂದು ಯಾರೂ ಹೇಳಲಿಲ್ಲ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಸಣ್ಣಿ ಹೊನ್ನಾವರದ ತನಕ ಹೆದರುತ್ತಲೇ ಕೂತಿದ್ದಳು.